ಹದಿನಾಲ್ಕು ತುಂಬಿದ ದಿನ

ಗೋಕಾಕ ತಾಲೂಕಿನಲ್ಲಿ ಅರ್ಧಕ್ಕರ್ಧ ಜನ ಹುಟ್ಟಿದ್ದು ಜೂನ್ ಒಂದನೇ ತಾರೀಖು. ನಂಬಿಕೆಯಿಲ್ಲದವರು ಯಾವ ಶಾಲೆಯ ದಾಖಲಾತಿ ಪುಸ್ತಕವನ್ನಾದರೂ ತೆಗೆದು ನೋಡಬಹುದು. ಮಳೆಗಾಲದಲ್ಲಿ ಹುಟ್ಟಿದವರು, ಸುಗ್ಗಿಯಲ್ಲಿ ಹುಟ್ಟಿದವರು, ಎಂದು ಹುಟ್ಟಿದರೆಂದು ಹೆತ್ತವಳಿಗೇ ನೆನಪಿಲ್ಲದವರು, ಎಲ್ಲರೂ ಹೆಡ್‌ಮಾಸ್ತರರ ಪೆನ್ನಿನಿಂದ ಅದೇ ದಿನ ಇನ್ನೊಮ್ಮೆ ಹುಟ್ಟುತ್ತಾರೆ. ಇದರಿಂದ ಯಾರಿಗೂ ಕೇಡಾದದ್ದಿಲ್ಲ. ಬಹಳವಾದರೆ ನಿವೃತ್ತಿ ಒಂದು ವರ್ಷ ಹಿಂದುಮುಂದಾಗುತ್ತದೆ, ಅಷ್ಟೇ.

ಗೌರಾಬಾಯಿಯ ಮಗನಿಗೆ ಮಾತ್ರ ಕೇಡಾಯಿತು. ಅದೂ ಸಾವಿರಾರು ಮೈಲಿ ಆಚೆ, ಗೋಕಾಕದಲ್ಲಿ ಯಾರೂ ಕಣ್ಣಿಂದ ನೋಡಿರದ ಒಂದು ಆಟದಲ್ಲಿ.

ಚೇತನ ಹುಟ್ಟಿದ್ದು ಎಪ್ಪತ್ತೇಳರ ನವೆಂಬರಿನಲ್ಲಿ. ಗೌರಾಬಾಯಿ ಆಗ ಊರಿನ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ಗಂಡ ಅಣ್ಣಾಸಾಹೇಬ ಕೊಣ್ಣೂರ ನೀರಿನ ಕೊಳವೆಗಳ ಎಂಜಿನಿಯರು, ವರ್ಷದಲ್ಲಿ ಎಂಟು ತಿಂಗಳು ಊರೂರು ತಿರುಗುವವನು. ಮನೆಯಲ್ಲಿ ಕೂಸನ್ನು ನೋಡಿಕೊಳ್ಳುವವರಿಲ್ಲದೆ ಆಕೆ ಅದನ್ನು ಕಂಕುಳಲ್ಲಿ ಎತ್ತಿಕೊಂಡೇ ಶಾಲೆಗೆ ಹೋಗುತ್ತಿದ್ದಳು. ನಾಲ್ಕೂವರೆ ವರ್ಷಕ್ಕೆ ಹುಡುಗ ದೊಡ್ಡ ಮಕ್ಕಳ ಜೊತೆ ಮಗ್ಗಿ ಒಪ್ಪಿಸತೊಡಗಿದ. ಆಗ ಹೆಡ್‌ಮಾಸ್ತರ ಕರಬಸಪ್ಪನವರೇ ಹಾದಿ ತೋರಿಸಿದರು.

"ಹೆಂಗಿದ್ರೂ ದಿನಾ ಬಂದು ಕುಂದರತಾನ. ಒಂದನೇತ್ತಕ್ಕ ಹೆಸರ ಹಚ್ಚಿಬಿಡ್ರಿ ಅಕ್ಕೋರ. ಎಪ್ಪತ್ತಾರು, ಜೂನ್ ಒಂದು ಅಂತ ಬರಕೋತೀನಿ. ಆರು ತುಂಬಿದಂಗ ಆತು."

ಗೌರಾಬಾಯಿ ನಕ್ಕು ಸಹಿ ಹಾಕಿದಳು. ಹುಡುಗನಿಗೆ ಒಂದೂವರೆ ವರ್ಷ ಪುಕ್ಕಟೆ ಸಿಕ್ಕಿತೆಂದೇ ಅಂದುಕೊಂಡಳು. ಆ ತಾರೀಖು ಶಾಲೆಯಿಂದ ಪಾಸ್‌ಪೋರ್ಟಿಗೆ, ಪಾಸ್‌ಪೋರ್ಟಿನಿಂದ ವೀಸಾಕ್ಕೆ ಹತ್ತಿತು. ಎಂಬತ್ತಾರರಲ್ಲಿ ಅಣ್ಣಾಸಾಹೇಬನಿಗೆ ವಾಷಿಂಗ್ಟನ್ ಹತ್ತಿರ ಕೆಲಸ ಸಿಕ್ಕಿ, ಮೂವರೂ ವರ್ಜೀನಿಯಾದ ಹರ್ನ್‌ಡನ್ ಊರಿಗೆ ಬಂದರು. ಅವರ ಮನೆಯಲ್ಲಿ ಮೊದಲಿಂದಲೂ ಹುಟ್ಟುಹಬ್ಬ ಮಾಡುವ ರೂಢಿ ಇರಲಿಲ್ಲ. ಇಲ್ಲಿಗೆ ಬಂದ ಮೇಲೆ ಜೂನ್ ಒಂದಕ್ಕೆ ಕೇಕು ಕತ್ತರಿಸತೊಡಗಿದರು.

"ಹುಡುಗಗ ಖರೇ ತಾರೀಖು ಹೇಳಬ್ಯಾಡ," ಎಂದ ಅಣ್ಣಾಸಾಹೇಬ. "ಸಾಲ್ಯಾಗ ಬಾಯಿ ಬಿಟ್ಟಾನು. ಗ್ರೀನ್ ಕಾರ್ಡ್ ಬರಲಿ, ಆಮ್ಯಾಲೆ ನೋಡೂಣು."

ಚೇತನನಿಗೆ ತನ್ನ ವಯಸ್ಸೆಂದರೆ ಕಾಗದದ ವಯಸ್ಸೇ. ತರಗತಿಯಲ್ಲಿ ಎಲ್ಲರಿಗಿಂತ ಗಿಡ್ಡ, ಎಲ್ಲರಿಗಿಂತ ಪೀಚು. ಆದರೆ ಕೈಯಲ್ಲಿ ಏನೋ ಇತ್ತು. ಬೇಸ್‌ಬಾಲ್‌ನಲ್ಲಿ ಒಬ್ಬ ಮಣ್ಣಿನ ದಿಬ್ಬದ ಮೇಲೆ ನಿಂತು ಚೆಂಡು ಎಸೆಯುತ್ತಾನೆ, ಅವನೇ ಪಿಚರ್; ಎದುರಿನವನು ಬ್ಯಾಟು ಹಿಡಿದು ಅದನ್ನು ಹೊಡೆಯಲು ನೋಡುತ್ತಾನೆ. ಚೇತನ ಎಸೆದದ್ದನ್ನು ಅವನ ವಾರಿಗೆಯವರಿಗೆ ಯಾರಿಗೂ ಹೊಡೆಯಲಾಗುತ್ತಿರಲಿಲ್ಲ. ಅವರು ಅವನನ್ನು ಚೇಟ್ ಎಂದು ಕರೆದರು. ಗೌರಾಬಾಯಿಗೆ ಆ ಹೆಸರು ಒಂದಿಷ್ಟೂ ಹಿಡಿಸಲಿಲ್ಲ, ಆದರೆ ಮೈದಾನದಲ್ಲಿ ಐವತ್ತು ಜನ ಅದನ್ನೇ ಕೂಗುವಾಗ ಆಕೆಯೂ ಕೂಗುತ್ತಿದ್ದಳು.

ಊರಿನ ಹುಡುಗರ ತಂಡಕ್ಕೆ ಕೋಚ್ ಆಗಿದ್ದವರು ವಿಟ್ಲೋ ಎಂಬ ಅಂಚೆಯವರು. ಬೆಳಿಗ್ಗೆ ಕಾಗದ ಹಂಚಿ, ಸಂಜೆ ಮೈದಾನಕ್ಕೆ ಬರುವ ಮನುಷ್ಯ. ಮಕ್ಕಳಿಲ್ಲ, ಹೆಂಡತಿ ತೀರಿಕೊಂಡಿದ್ದರು. ಅವರದು ಒಂದೇ ಕಟ್ಟುನಿಟ್ಟು: ಹದಿನಾಲ್ಕು ತುಂಬುವ ತನಕ ಯಾವ ಹುಡುಗನೂ ಕರ್ವ್ ಬಾಲ್ ಎಸೆಯಕೂಡದು. ಮಣಿಕಟ್ಟು ತಿರುಗಿಸಿ ಎಸೆಯುವ, ಬ್ಯಾಟಿನ ಹತ್ತಿರ ಬಂದು ಬಾಗಿಬಿಡುವ ಆ ಚೆಂಡಿನ ಹುಚ್ಚು ಎಲ್ಲ ಹುಡುಗರಿಗೂ ಇರುತ್ತದೆ. ಆದರೆ ಅದರ ಎಳೆತವೆಲ್ಲ ಮೊಣಕೈ ಮೇಲೆ ಬೀಳುತ್ತದೆ, ಎಳೆಯ ಎಲುಬು ಅದನ್ನು ತಾಳುವುದಿಲ್ಲ ಎಂದು ವಿಟ್ಲೋ ಪ್ರತಿ ವರ್ಷ ತಂದೆತಾಯಿಗಳನ್ನೆಲ್ಲ ಕೂಡಿಸಿ ಹೇಳುತ್ತಿದ್ದರು. ಗೌರಾಬಾಯಿ ಮೂರು ವರ್ಷ ಮುಂದಿನ ಸಾಲಿನಲ್ಲೇ ಕೂತು ಅದನ್ನು ಕೇಳಿದ್ದಳು.

ತೊಂಬತ್ತರ ಜೂನ್ ಒಂದಕ್ಕೆ ವಿಟ್ಲೋ ಅಂಚೆಯ ಉಡುಪಿನಲ್ಲೇ ಮನೆಗೆ ಬಂದರು. ಕೈಯಲ್ಲಿ ಹೊಸ ಚೆಂಡು. ಚೇತನ ಬಾಗಿಲಲ್ಲೇ ಕುಣಿಯುತ್ತಿದ್ದ. ಹದಿನಾಲ್ಕು ತುಂಬಿದ ದಿನವೇ ಕಲಿಸುತ್ತೇನೆಂದು ಅವರು ಮಾತು ಕೊಟ್ಟಿದ್ದರು.

"ಮಿಸೆಸ್ ಕೊಣ್ಣೂರ, ಇವತ್ತಿಗೆ ಹದಿನಾಲ್ಕು ತಾನೆ?" ಎಂದು ಆಕೆಯನ್ನು ಕೇಳಿದರು.

"ಹೌದು."

"ಖಂಡಿತ? ತಪ್ಪು ತಿಳಿಯಬೇಡಿ, ಎಲ್ಲ ತಾಯಂದಿರನ್ನೂ ಎರಡು ಸಲ ಕೇಳುತ್ತೇನೆ. ಹುಡುಗ ಸಣ್ಣವನಾಗಿ ಕಾಣುತ್ತಾನೆ."

ಒಳಗೆ ಊಟದ ಮೇಜಿನ ಮೇಲೆ ಗ್ರೀನ್ ಕಾರ್ಡಿನ ಅರ್ಜಿಯ ಕಾಗದಗಳು ಹರಡಿದ್ದವು. ಒಂದು ತಾರೀಖು ತಾಳೆಯಾಗದಿದ್ದರೂ ಮೂವರನ್ನೂ ವಾಪಸ್ ಕಳಿಸಿಬಿಡಬಹುದು ಎಂದು ವಕೀಲರು ಹಿಂದಿನ ವಾರವಷ್ಟೇ ಹೆದರಿಸಿದ್ದರು. ಗೌರಾಬಾಯಿ ಮಗನ ಮುಖ ನೋಡಿದಳು. ಹನ್ನೆರಡೂವರೆ ವರ್ಷದ ಮುಖ ಅದು.

"ಖಂಡಿತ," ಎಂದಳು.

ಹಿತ್ತಲಿನಲ್ಲಿ ವಿಟ್ಲೋ ಹುಡುಗನ ಬೆರಳುಗಳನ್ನು ಚೆಂಡಿನ ಹೊಲಿಗೆಯ ಮೇಲೆ ಒಂದೊಂದಾಗಿ ಕೂರಿಸಿದರು. ಹತ್ತನೆಯ ಎಸೆತಕ್ಕೆ ಚೆಂಡು ಬಾಗಿತು. ಇಷ್ಟು ಬೇಗ ಕಲಿತವನನ್ನು ನಾನು ನೋಡಿಲ್ಲ ಎಂದು ಅವರು ಕೂಗಿ ಹೇಳಿದ್ದು ಅಡುಗೆಮನೆಗೂ ಕೇಳಿಸಿತು. ಗೌರಾಬಾಯಿಗೆ ಹೆದರಿಕೆಯಾಯಿತು, ಹೆಮ್ಮೆಯೂ ಆಯಿತು. ಹೆಮ್ಮೆಯೇ ತುಸು ಹೆಚ್ಚಿತ್ತೆಂದು ಹೇಳದಿದ್ದರೆ ಸುಳ್ಳಾದೀತು.

ಆಗಸ್ಟಿನಲ್ಲಿ ಮೊಣಕೈ ಊದಿಕೊಂಡಿತು. ರೊಟ್ಟಿ ಮುರಿಯುವುದಕ್ಕೂ ಆಗದೆ ಹುಡುಗ ಹಲ್ಲು ಕಚ್ಚಿ ಕೂತಿದ್ದ. ಗಂಡಹೆಂಡತಿ ಅವನನ್ನು ಮೂಳೆ ಡಾಕ್ಟರರ ಹತ್ತಿರ ಕರೆದೊಯ್ದರು. ಡಾಕ್ಟರರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಹುಡುಗನನ್ನು ಹೊರಗೆ ಕೂರಿಸಿ ಬಾಗಿಲು ಹಾಕಿದರು.

"ಒಳಬದಿಯ ಎಲುಬಿನ ತುಣುಕು ಸಡಿಲವಾಗಿದೆ. ಇನ್ನೂ ಬೆಳೆಯುತ್ತಿರುವ ಜಾಗ ಅದು. ಹದಿನಾಲ್ಕು ಎಂದು ಬರೆದಿದ್ದೀರಿ. ನನಗೆ ಈ ಎಲುಬು ಹನ್ನೆರಡರದಾಗಿ ಕಾಣುತ್ತದೆ."

ಅಣ್ಣಾಸಾಹೇಬ ಮುಚ್ಚಿದ ಬಾಗಿಲ ಕಡೆ ನೋಡಿದ.

"ಕೆಲವು ಮಕ್ಕಳು ತಡವಾಗಿ ಬೆಳೆಯುತ್ತಾರೆ, ಇಲ್ಲವೆಂದಲ್ಲ," ಎಂದರು ಡಾಕ್ಟರರು. "ಹದಿನಾಲ್ಕೇ ಆಗಿದ್ದರೆ ಆರು ವಾರ ವಿಶ್ರಾಂತಿ ಸಾಕು, ತಾನೇ ಕೂಡಿಕೊಳ್ಳುತ್ತದೆ. ಹನ್ನೆರಡಾಗಿದ್ದರೆ ಎರಡು ವರ್ಷ ಅವನು ಚೆಂಡು ಮುಟ್ಟಬಾರದು. ಅದಕ್ಕೇ ಕೇಳುತ್ತಿದ್ದೇನೆ. ತಾಯಿ ನೀವು, ನೀವೇ ಹೇಳಿ."

ಅಣ್ಣಾಸಾಹೇಬ ಕನ್ನಡದಲ್ಲಿ ಮೆಲ್ಲಗೆ ಅಂದ: "ಗೌರಾ, ಇವರು ಬರದಿದ್ದು ಎಲ್ಲಾ ಫೈಲಿನ್ಯಾಗ ಕುಂದರತೈತಿ."

ಅತ್ತ ದರಿ, ಇತ್ತ ಪುಲಿ. ಆದರೆ ನಿಜ ಹೇಳಬೇಕೆಂದರೆ ಪುಲಿ ಇನ್ನೂ ದೂರವಿತ್ತು. ಡಾಕ್ಟರರು ವೀಸಾದವರಿಗೆ ಕಾಗದ ಬರೆಯುವವರಲ್ಲ. ಎರಡು ವರ್ಷ ಆಡಿಸುವುದಿಲ್ಲ ಎಂದು ಮನೆಗೆ ಬಂದು ಮಗನಿಗೆ ಹೇಳಿಬಿಟ್ಟಿದ್ದರೂ ಮುಗಿಯುತ್ತಿತ್ತು. ಹೆದರಿದವರಿಗೆ ಇಷ್ಟು ಬುದ್ಧಿ ಹೊಳೆಯುವುದಿಲ್ಲ. ಮೇಲಾಗಿ ಆ ಹುಡುಗನ ಹತ್ತಿರ ಚೆಂಡು ಬಿಡು ಎನ್ನುವ ಧೈರ್ಯ ಇಬ್ಬರಿಗೂ ಇರಲಿಲ್ಲ.

"ಹದಿನಾಲ್ಕು," ಎಂದಳು ಗೌರಾಬಾಯಿ.

ಆರು ವಾರವಾದ ಮೇಲೆ ಚೇತನ ಮತ್ತೆ ದಿಬ್ಬ ಹತ್ತಿದ.

ಆಮೇಲಿನ ಕಥೆಯನ್ನು ಕೇಳಿದವರು ಅದೃಷ್ಟವೆಂದರೆ ಇದು ಎನ್ನುತ್ತಿದ್ದರು. ತೊಂಬತ್ತೆರಡರಲ್ಲಿ ಗ್ರೀನ್ ಕಾರ್ಡ್ ಬಂತು. ತೊಂಬತ್ನಾಲ್ಕರಲ್ಲಿ ಹೈಸ್ಕೂಲು ಮುಗಿಸಿದ ತಿಂಗಳಲ್ಲೇ ಅಟ್ಲಾಂಟಾದ ತಂಡ ಅವನನ್ನು ಡ್ರಾಫ್ಟ್ ಎಂಬ ವಾರ್ಷಿಕ ಆಯ್ಕೆಯಲ್ಲಿ ಆರಿಸಿಕೊಂಡಿತು. ಆರಿಸಲು ಬಂದವರ ಹಾಳೆಯಲ್ಲಿ 'ಒಳ್ಳೆಯ ತೋಳು, ವಯಸ್ಸಿಗೆ ಮೈ ಸಾಲದು' ಎಂದಿತ್ತಂತೆ. ಚೇತನ ಅದನ್ನು ತಾನೇ ನಗುತ್ತ ಹೇಳಿದ್ದ. ಅಮೆರಿಕದಲ್ಲಿ ದೊಡ್ಡ ತಂಡಕ್ಕೆ ನೇರ ಯಾರೂ ಹೋಗುವುದಿಲ್ಲ. ಸಣ್ಣ ಊರುಗಳ ಕಿರಿಯ ತಂಡಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಹತ್ತಬೇಕು. ತೊಂಬತ್ತಾರರಲ್ಲಿ ಉತ್ತರ ಕೆರೊಲಿನಾದ ಡರ್ಹಮ್, ಮರುವರ್ಷ ದಕ್ಷಿಣ ಕೆರೊಲಿನಾದ ಗ್ರೀನ್‌ವಿಲ್. ಹದಿಮೂರು ತಾಸು ಬಸ್ಸು, ರಸ್ತೆ ಬದಿಯ ಹೋಟೆಲು, ಹೊತ್ತಲ್ಲದ ಹೊತ್ತಿಗೆ ಬರ್ಗರು.

ಡರ್ಹಮ್‌ಗೆ ಮಗನ ಆಟ ನೋಡಲು ಹೋದಾಗಲೆಲ್ಲ ಅವರು ಹತ್ತಿರದ ಮಾರಿಸ್‌ವಿಲ್‌ನಲ್ಲಿದ್ದ ಪರಿಚಯದ ಗೋಪಿನಾಥನ ಮನೆಯಲ್ಲಿ ಇಳಿದುಕೊಳ್ಳುತ್ತಿದ್ದರು. ಆಟ ಮುಗಿದ ಮೇಲೆ ಚೇತನ ಬಂದು ಬಕೆಟ್ಟಿನ ತುಂಬ ಮಂಜುಗಡ್ಡೆ ಹಾಕಿಕೊಂಡು, ಅದರಲ್ಲಿ ಮೊಣಕೈ ಮುಳುಗಿಸಿ ಕೂರುತ್ತಿದ್ದ.

"ನೋಯಾಕತ್ತೈತೇನೋ?" ಎಂದು ಗೌರಾಬಾಯಿ ಪ್ರತಿ ಸಲ ಕೇಳುವಳು.

"ಎಲ್ಲಾರಿಗೂ ನೋಯತೈತಿ ಅವ್ವ. ಐ ಯಾಮ್ ಫೈನ್."

ಹೇಳಿಬಿಡಬೇಕೆಂದು ಆಕೆಗೆ ನೂರು ಸಲ ಬಾಯಿಗೆ ಬಂತು. ಗ್ರೀನ್ ಕಾರ್ಡ್ ಬರಲಿ ಅಂದವನು ಅಣ್ಣಾಸಾಹೇಬ. ಅದು ಬಂದ ಮೇಲೆ ಸಿಟಿಜನ್‌ಶಿಪ್ ಆಗಲಿ ಅಂದ. ತೊಂಬತ್ತೇಳರಲ್ಲಿ ಅದೂ ಆಯಿತು. ಆಮೇಲೆ, ಈಗ ಹೇಳಿ ಅವನ ಮನಸ್ಸು ಯಾಕೆ ಕೆಡಿಸುವುದು ಅಂದ. ಪ್ರತಿ ಸಲವೂ ಆಕೆ ತಲೆಯಾಡಿಸಿದಳು. ಗಂಡನ ಮೇಲೆ ಹೊರೆ ಹಾಕಿ ತಾನು ಹಗುರಾಗುವ ಉಪಾಯ ಅದು, ಆಕೆಗೂ ಗೊತ್ತಿತ್ತು.

ತೊಂಬತ್ತೆಂಟರ ಸೆಪ್ಟೆಂಬರಿನಲ್ಲಿ ಅಟ್ಲಾಂಟಾದ ದೊಡ್ಡ ತಂಡದಿಂದ ಕರೆ ಬಂತು. ಗಂಡಹೆಂಡತಿ ಕೆಲಸಕ್ಕೆ ರಜೆ ಹಾಕಿ ಕಾರಿನಲ್ಲಿ ಹೊರಟರು. ಕೆರೊಲಿನಾಗಳ ಉದ್ದಕ್ಕೂ ಅಣ್ಣಾಸಾಹೇಬ ಒಬ್ಬನೇ ಮಾತಾಡಿದ. ಮಧ್ಯಾಹ್ನದ ಆಟ. ನಲವತ್ತು ಸಾವಿರ ಜನರ ನಡುವೆ, ಬೆನ್ನಿನ ಮೇಲೆ ಕೊಣ್ಣೂರ ಎಂದು ಬರೆದ ಅಂಗಿ ತೊಟ್ಟು ಮಗ ದಿಬ್ಬಕ್ಕೆ ನಡೆದು ಬಂದಾಗ ಗೌರಾಬಾಯಿ ಎದ್ದು ನಿಂತಳು, ಆಮೇಲೆ ಕೂರುವುದನ್ನೇ ಮರೆತಳು.

ಮೊದಲನೆಯ ಬ್ಯಾಟುಗಾರ ಚೆಂಡು ಮುಟ್ಟಲಿಕ್ಕೂ ಆಗದೆ ವಾಪಸಾದ. ಎರಡನೆಯವನೂ ಹಾಗೇ. ಪಕ್ಕದಲ್ಲಿದ್ದ ಮುದುಕನೊಬ್ಬ, ಯಾರು ಈ ಹುಡುಗ, ಎಂದು ಕೇಳಿದ. ಅಣ್ಣಾಸಾಹೇಬ ಉತ್ತರ ಹೇಳುವ ಮೊದಲೇ ಅತ್ತುಬಿಟ್ಟ. ಮೂರನೆಯವನಿಗೆ ಚೇತನ ಕರ್ವ್ ಬಾಲ್ ಎಸೆದ. ಚೆಂಡು ಎಲ್ಲೋ ಹೋಗಿ ಬಿತ್ತು. ಚೇತನ ಬಲಗೈಯನ್ನು ಹೊಟ್ಟೆಗೆ ಅವುಚಿಕೊಂಡು ಮಂಡಿಯೂರಿದ್ದ. ಎದ್ದು ನಿಲ್ಲಲಿಲ್ಲ.

ಒಟ್ಟು ಹನ್ನೊಂದು ಎಸೆತ. ಅವನ ದೊಡ್ಡ ಆಟ ಅಷ್ಟೇ.

ಸರ್ಜನ್ ಎರಡು ಸಲ ಕೊಯ್ದರು. ಮೊಣಕೈಯ ಎಲುಬುಗಳನ್ನು ಹಿಡಿದಿಡುವ ಕಟ್ಟು ಹರಿದಿದೆ, ಅದನ್ನು ಹೊಸದಾಗಿ ಹಾಕಬಹುದಿತ್ತು. ಆದರೆ ಹಿಡಿಯಬೇಕಾದ ಎಲುಬೇ ಚಿಕ್ಕಂದಿನಲ್ಲಿ ಕಿತ್ತುಬಂದು ಎಂದೂ ಸರಿಯಾಗಿ ಕೂಡಿಲ್ಲ ಎಂದರು. "ಯಾರೋ ಇವನಿಂದ ತೀರ ಎಳೆಯ ವಯಸ್ಸಿನಲ್ಲಿ ಕರ್ವ್ ಎಸೆಸಿದ್ದಾರೆ," ಎಂದು ಹಾಸಿಗೆಯ ಪಕ್ಕ ನಿಂತು ಹೇಳಿದರು. ಗೌರಾಬಾಯಿ ಕಾಲ ಬಳಿ ಹೊದಿಕೆ ಸರಿಪಡಿಸುತ್ತಿದ್ದಳು. ತಲೆ ಎತ್ತಲಿಲ್ಲ.

ಮರುವರ್ಷದ ಮಾರ್ಚಿನಲ್ಲಿ ತಂಡ ಅವನನ್ನು ಬಿಟ್ಟುಬಿಟ್ಟಿತು. ಅವನು ಹರ್ನ್‌ಡನ್‌ಗೆ ಬಂದು ತನ್ನ ಹಳೆಯ ಕೋಣೆ ಸೇರಿಕೊಂಡ. ಬಲಗೈ ಪೂರ್ತಿ ಮಡಚಲು ಬರುತ್ತಿರಲಿಲ್ಲ, ತುತ್ತು ಬಾಯಿಗೆ ಮುಟ್ಟುತ್ತಿರಲಿಲ್ಲ. ಎಡಗೈಯಲ್ಲಿ ಚಮಚೆ ಹಿಡಿದು ಉಣ್ಣುತ್ತಿದ್ದ. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ಇಲ್ಲಿ ಮಾಡಿದವಳು ಎದುರಿಗೆ ಕೂತು ಬಡಿಸುತ್ತಿದ್ದಳು, ಉಣ್ಣುವವನು ಇನ್ನೊಬ್ಬನಾಗಿದ್ದ.

ಏಪ್ರಿಲಿನಲ್ಲಿ ಊರಿನ ಪತ್ರಿಕೆಯವರು ಬಂದು ಅವನನ್ನು ಮಾತಾಡಿಸಿದರು. ನನ್ನ ಚಿಕ್ಕಂದಿನ ಕೋಚ್ ಹೊತ್ತಿಗೆ ಮುಂಚೆ ಕರ್ವ್ ಕಲಿಸಿ ನನ್ನ ಕೈ ಹಾಳು ಮಾಡಿದರು, ಎಂದ ಚೇತನ. ಬೇಕೆಂದು ಸುಳ್ಳು ಹೇಳಲಿಲ್ಲ ಅವನು. ಸರ್ಜನ್ ಹೇಳಿದ್ದನ್ನು ತನಗೆ ಗೊತ್ತಿದ್ದಕ್ಕೆ ಜೋಡಿಸಿದ, ಅಷ್ಟೇ. ಪತ್ರಿಕೆ ಕೋಚ್ ಹೆಸರು ಹಾಕಲಿಲ್ಲ. ಹಾಕಬೇಕಾದ ಅಗತ್ಯವೂ ಇರಲಿಲ್ಲ. ಎರಡೇ ವಾರದಲ್ಲಿ ತಂಡ ನಡೆಸುವವರು ವಿಟ್ಲೋ ಅವರಿಗೆ ಇನ್ನು ಮೈದಾನಕ್ಕೆ ಬರಬೇಡಿ ಎಂದು ಹೇಳಿಕಳಿಸಿದರು.

ವಿಟ್ಲೋ ಒಂದು ಶನಿವಾರ ಬೆಳಿಗ್ಗೆ ಮನೆಗೆ ಬಂದರು. ಚೇತನ ಫಿಸಿಯೋಥೆರಪಿಗೆ ಹೋಗಿದ್ದ. ಒಳಗೆ ಬನ್ನಿ ಅಂದರೂ ಬರಲಿಲ್ಲ. ನಿವೃತ್ತರಾಗಿದ್ದರು, ಬಹಳ ಮುದುಕರಾಗಿ ಕಂಡರು.

"ಮಿಸೆಸ್ ಕೊಣ್ಣೂರ, ನನಗೆ ಒಂದೇ ತಿಳಿಯಬೇಕು," ಎಂದರು. "ಅವತ್ತು ನಾನು ನಿಮ್ಮನ್ನು ಕೇಳಿದ್ದೆ ಅಲ್ಲವೆ? ಇತ್ತೀಚೆಗೆ ನನಗೇ ಅನುಮಾನ ಬರುತ್ತಿದೆ. ಕೇಳದೆ ಕಲಿಸಿಬಿಟ್ಟೆನೇನೋ ಅಂತ ನಿದ್ದೆ ಬರುವುದಿಲ್ಲ."

"ಕೇಳಿದ್ದಿರಿ," ಎಂದಳು ಗೌರಾಬಾಯಿ. "ಎರಡು ಸಲ ಕೇಳಿದ್ದಿರಿ."

ಅವರು ಥ್ಯಾಂಕ್ಸ್ ಎಂದರು. ಟೋಪಿ ಹಾಕಿಕೊಂಡು ಮೆಟ್ಟಿಲಿಳಿದು ಹೋದರು. ಗೌರಾಬಾಯಿಗೆ ಆ ಥ್ಯಾಂಕ್ಸ್ ಕಪಾಳಕ್ಕೆ ಬಾರಿಸಿದಂತಾಯಿತು.

ಒಳಗೆ ಬಂದು ಗಂಡನಿಗೆ, "ಇವತ್ತ ಹೇಳತೀನ್ರಿ," ಎಂದಳು.

"ಹುಚ್ಚಿಡದೈತೇನ? ಸುಳ್ಳ ಹೇಳಿ ಸಿಟಿಜನ್ ಆದ್ರಿ ಅಂತ ಅದನ್ನೂ ಕಸಕೊಂಡ್ರ?"

"ಕಸಕೊಳ್ಳಲಿ. ನನ್ನ ಮಗನ ಕೈನ ಕಸಕೊಂಡು ಕುಂತೀನಿ ನಾ. ಇನ್ನ ಆ ಮುದುಕನ ಮಾನಾನೂ ಕಸಕೊಳ್ಳಲ್ಯಾ?"

ಅಣ್ಣಾಸಾಹೇಬ ಎದ್ದು ಹಿತ್ತಲಿಗೆ ಹೋದ. ಅವನು ವಾಪಸ್ ಬರುವ ತನಕ ಆಕೆ ಕಾಯಲಿಲ್ಲ. ಚೇತನ ಬಂದು ಊಟಕ್ಕೆ ಕೂತ, ಆಕೆ ಎದುರಿಗೆ ಕೂತಳು.

"ಕೋಚ್ ನಿನಗ ಕರ್ವ್ ಕಲಿಸಿದಾಗ ನಿನಗ ಹದಿನಾಲ್ಕ ಆಗಿರಲಿಲ್ಲೋ ಚೇತನ. ಹನ್ನೆರಡೂವರಿ. ಅದು ಅವರಿಗೆ ಗೊತ್ತಿರಲಿಲ್ಲ. ನನಗ ಗೊತ್ತಿತ್ತು."

ಆಕೆ ಕರಬಸಪ್ಪನವರಿಂದ ಹಿಡಿದು ಡಾಕ್ಟರರ ಕೋಣೆಯ ತನಕ ಒಂದೂ ಬಿಡದೆ ಹೇಳಿದಳು. ಗಂಡನ ಹೆಸರನ್ನು ಎಲ್ಲೂ ಅಡ್ಡ ತರಲಿಲ್ಲ. ಚೇತನ ಚಮಚೆ ಕೆಳಗಿಟ್ಟ. ಕೂಗಾಡುತ್ತಾನೆಂದು ಆಕೆ ಕಾದಳು, ತಟ್ಟೆ ಎಸೆಯುತ್ತಾನೆಂದು ಕಾದಳು. ಅವನು ಎಡಗೈ ಬೆರಳು ಮಡಚಿ ಏನೋ ಲೆಕ್ಕ ಹಾಕುತ್ತಿದ್ದ.

"ಅಂದ್ರ ಡ್ರಾಫ್ಟ್ ಆದಾಗ ನಾ ಸಿಕ್ಸ್‌ಟೀನ್."

"ಹೌದು."

"ಅಟ್ಲಾಂಟಾದಾಗ ಟ್ವೆಂಟಿ. ಟ್ವೆಂಟಿಗೆ ಯಾರೂ ಅಲ್ಲಿ ಬರಂಗಿಲ್ಲ ಅವ್ವ. ಭಾಳ ಕಮ್ಮಿ ಮಂದಿ."

ಆಕೆ ಲೋಟಕ್ಕೆ ನೀರು ಹಾಕಿ ಅವನ ಮುಂದಿಟ್ಟಳು.

"ಎಲ್ಲಾರೂ ನನಕಿಂತ ದೊಡ್ಡವ್ರಿದ್ರು. ನಾ ವೀಕ್ ಅಂತ ತಿಳಕೊಂಡಿದ್ದೆ. ಹಿಂದ ಬಿದ್ದೀನಿ, ಅವ್ರ ಲೆವೆಲ್‌ಗೆ ಬರಬೇಕು ಅಂತ." ಅವನು ಮಡಚಲು ಬಾರದ ಬಲಗೈಯನ್ನು ಮೇಜಿನ ಮೇಲಿಟ್ಟ. "ಅದಕ್ಕ ಪ್ರಾಕ್ಟೀಸ್ ಮುಗಿದು ಎಲ್ಲಾರೂ ಹೋದ್ಮ್ಯಾಲೂ ನಾ ಒಬ್ಬನ ನಿಂತು ಇನ್ನೂ ಐವತ್ತು ಬಾಲ್ ಒಗೀತಿದ್ದೆ. ದಿನಾ. ಡಾಕ್ಟರ್ ಬ್ಯಾಡಂದ್ರೂ ಒಗೀತಿದ್ದೆ. ನಾ ಹಿಂದ ಇರಲೇ ಇಲ್ಲಲ್ಲಾ ಅವ್ವ. ಮುಂದಿದ್ದೆ ನಾ."

ಗೌರಾಬಾಯಿ ಸೆರಗು ಬಾಯಿಗೊತ್ತಿಕೊಂಡು ಅತ್ತಳು. ಚೇತನ ಆಕೆಯನ್ನು ಸಮಾಧಾನ ಮಾಡಲಿಲ್ಲ. ಎದ್ದು ಹೋಗಿ ಗೋಡೆಯ ಫೋನು ತೆಗೆದು, ಎಡಗೈಯಿಂದ ನಿಧಾನವಾಗಿ ನಂಬರು ಒತ್ತಿದ.

"ಪೇಪರ್‌ನವ್ರಿಗೆ ನಾ ಹೇಳ್ತೀನಿ. ಕೋಚ್‌ಗೆ ನೀ ಹೇಳು," ಎಂದು ಆಕೆಯ ಕೈಗೆ ಕೊಟ್ಟ.

ಆ ಕಡೆ ವಿಟ್ಲೋ ಹಲೋ ಎಂದರು. ಗೌರಾಬಾಯಿ ಹೆಸರು ಹೇಳಿದಳು. ಅವತ್ತು ಅವನಿಗೆ ಹನ್ನೆರಡಾಗಿತ್ತು, ನಾನು ನಿಮಗೆ ಸುಳ್ಳು ಹೇಳಿದೆ, ಎಂದು ತನಗೆ ಬರುವ ಇಂಗ್ಲಿಷಿನಲ್ಲಿ ಹೇಳಿದಳು. ಕಾಗದಪತ್ರದ ಹೆದರಿಕೆ ಎಂದೂ ಹೇಳಿದಳು.

"ಕಾರಣ ಹೇಳಬೇಕಾಗಿರಲಿಲ್ಲ," ಎಂದರು ವಿಟ್ಲೋ. "ಇನ್ನೆರಡು ವರ್ಷ ಬೇಡ ಎಂದಿದ್ದರೆ ಸಾಕಿತ್ತು, ಮಿಸೆಸ್ ಕೊಣ್ಣೂರ. ನಾನು ಕಾಯುತ್ತಿದ್ದೆ."

ಬೈದಿದ್ದರೆ ಆಕೆ ತಡೆದುಕೊಳ್ಳುತ್ತಿದ್ದಳು. ಫೋನು ಇಟ್ಟಳು.

"ಏನಂದ್ರು?" ಎಂದು ಕೇಳಿದ ಚೇತನ.

ಗೌರಾಬಾಯಿ ಹೇಳಿದಳು.

"ಹೌದು," ಎಂದ ಅವನು. "ಕಾಯ್ತಿದ್ರು ಅವ್ರು."